ತಿಗಣೆ ಹೋದ ಮೇಲೂ ರಾತ್ರಿ ಟಾರ್ಚ್ ಹಿಡಿದು ಕೂರುವವರು ಯಾರಾದರೂ ಇದ್ದೀರಾ?

ನಿದ್ದೆಗೆಟ್ಟವಳು:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ. ನಾನು, ನಮ್ಮ ಯಜಮಾನರು, ಆರನೇ ಕ್ಲಾಸಿನ ಮಗಳು. ಮಳೆಗಾಲದಲ್ಲಿ ಮನೆಗೆ ತಿಗಣೆ ಸೇರಿಕೊಂಡಿತು. ಎಲ್ಲಿಂದ ಬಂತು ಅಂತ ಇವತ್ತಿಗೂ ಗೊತ್ತಿಲ್ಲ. ಪೆಸ್ಟ್ ಕಂಟ್ರೋಲ್‌ನವರು ಹದಿನೈದು ದಿನಕ್ಕೊಮ್ಮೆ ಬಂದು ಔಷಧಿ ಹೊಡೆದರು. ಹತ್ತಿ ಹಾಸಿಗೆ ಬಿಸಾಕಿದೆವು. ಮಂಚ ಬಿಚ್ಚಿ ಸಂದುಸಂದಿಗೂ ಕುದಿಯುವ ನೀರು ಸುರಿದೆವು. ದಸರಾ ಆದ ಮೇಲೆ ಒಂದೇ ಒಂದು ತಿಗಣೆ ಕಂಡಿಲ್ಲ. ಈಗ ಸಂಕ್ರಾಂತಿ ಬಂತು.

ಆದರೆ ನನಗೆ ನಿದ್ದೆ ಇಲ್ಲ. ಲೈಟ್ ಆರಿಸಿದ ಕೂಡಲೇ ಮೀನಖಂಡದ ಮೇಲೆ ಏನೋ ಹರಿದ ಹಾಗಾಗುತ್ತದೆ. ಎದ್ದು ನೋಡಿದರೆ ಏನೂ ಇರುವುದಿಲ್ಲ. ಸರಿ ಅಂತ ಮಲಗುವುದಿಲ್ಲ, ಮೊಬೈಲ್ ಟಾರ್ಚ್ ಹಾಕಿಕೊಂಡು ಹಾಸಿಗೆಯ ಅಂಚಿನ ಹೊಲಿಗೆ, ದಿಂಬಿನ ಮೂಲೆ, ಮಂಚದ ಹಲಗೆ ಸಂದು, ಸ್ವಿಚ್ ಬೋರ್ಡಿನ ಪಕ್ಕ ಎಲ್ಲಾ ನೋಡುತ್ತೇನೆ. ನಿನ್ನೆ ಎಳ್ಳುಬೆಲ್ಲಕ್ಕೆ ಅಂತ ಕಡಲೆಬೀಜ ಹುರಿದು ಸಿಪ್ಪೆ ಊದುತ್ತಿದ್ದೆ. ಒಂದು ಕೆಂಪು ಸಿಪ್ಪೆ ಹಾರಿ ಬಂದು ಚಾಪೆ ಮೇಲೆ ಕೂತಿತು. ಅದು ಕಡಲೆಕಾಯಿದು ಅಂತ ಗೊತ್ತಿದ್ದೂ ಎದೆ ಧಸಕ್ಕೆಂದಿತು.

ಯಜಮಾನರು "ಸುಮ್ನೆ ಮಲಗು" ಅನ್ನುತ್ತಾರೆ, ಎರಡು ನಿಮಿಷಕ್ಕೆ ಗೊರಕೆ. ಜಾಸ್ತಿ ಬೇಜಾರಾಗಿದ್ದು ಮಗಳನ್ನು ನೋಡಿ. ಅವಳೂ ಈಗ ಮಲಗುವ ಮುಂಚೆ ದಿಂಬು ಎತ್ತಿ ನೋಡುತ್ತಾಳೆ. ಹಬ್ಬಕ್ಕೆ ಅಕ್ಕನ ಮನೆಯವರನ್ನು ಕರೆಯಬೇಕು, ಧೈರ್ಯ ಸಾಲುತ್ತಿಲ್ಲ. ಈ ಹೆದರಿಕೆ ತಾನಾಗಿ ಹೋಗುತ್ತದಾ? ನಿಮಗೆಲ್ಲ ಹೇಗೆ ಹೋಯಿತು?

ಪಿಜಿ ಪುರಾಣ:
ನಾನಿದ್ದೇನೆ ಅಕ್ಕ. ಪಿಜಿ ಬಿಟ್ಟು ವರ್ಷದ ಮೇಲಾಯಿತು. ಇವತ್ತಿಗೂ ಬಿಳಿ ಬಿಟ್ಟು ಬೇರೆ ಬಣ್ಣದ ಬೆಡ್‌ಶೀಟ್ ಕೊಳ್ಳುವುದಿಲ್ಲ. ಚುಕ್ಕೆ ಬಿದ್ದರೆ ಕಾಣಬೇಕಲ್ಲ.

ಖಡಕ್ ರೊಟ್ಟಿ:
ಎಲ್ಲಾ ಮನಸ್ಸಿನ ಆಟ ರೀ. ತಿಗಣೆ ಕಚ್ಚಿ ಯಾರೂ ಸತ್ತಿಲ್ಲ. ನಾವು ಸಣ್ಣವರಿದ್ದಾಗ ಟೂರಿಂಗ್ ಟಾಕೀಸಿನಲ್ಲಿ ಕುರ್ಚಿಗೆ ದುಡ್ಡು ಕೊಟ್ಟವರಿಗೆ ತಿಗಣೆ ಫ್ರೀ. ಮನೆಗೆ ಬಂದು ಅಂಗಿ ಝಾಡಿಸಿ ಮಲಗಿದರೆ ಬೆಳಗಿನ ತನಕ ಎಚ್ಚರ ಇರುತ್ತಿರಲಿಲ್ಲ. ಈಗಿನವರಿಗೆ ಎಲ್ಲದಕ್ಕೂ ಟೆನ್ಶನ್.

ಪಿಜಿ ಪುರಾಣ:
ಮನಸ್ಸಿನ ಆಟ ಅಂತ ಅವರಿಗೂ ಗೊತ್ತು ಸರ್. ಗೊತ್ತಿದ್ದ ಮಾತ್ರಕ್ಕೆ ನಿದ್ದೆ ಬಂದುಬಿಡುತ್ತದಾ? ಅವರು ಕೇಳಿದ್ದೇ ಅದು.

ತಿಪಟೂರು ತೆಂಗು:
ಖಡಕ್ ರೊಟ್ಟಿಯವರೇ, ಹಿಂದಿನವರಿಗೆ ಟೆನ್ಶನ್ ಇರಲಿಲ್ಲ ಅನ್ನಬೇಡಿ. ನಮ್ಮ ಅಜ್ಜಿ ಭಾನುವಾರ ಬಂತೆಂದರೆ ಹಗ್ಗದ ಮಂಚವನ್ನು ಅಂಗಳಕ್ಕೆ ಎಳೆಸುತ್ತಿದ್ದರು. ಬಚ್ಚಲ ಹಂಡೆಯಿಂದ ಕುದಿಯುವ ನೀರು ತಂದು ಕಾಲು ಸೇರುವ ಜಾಗಕ್ಕೆ ಹೊಯ್ಯುವುದು. ಆಮೇಲೆ ಕೋಳಿ ಪುಕ್ಕ ಸೀಮೆಎಣ್ಣೆಯಲ್ಲಿ ಅದ್ದಿ ತೂತುಗಳಿಗೆ ಸವರುವುದು. ಹಾಸಿಗೆ ಕೆಳಗೆ ಬಜೆ ಬೇರು, ಬೇವಿನ ಸೊಪ್ಪು. ಹೊರಗೆ ಬಿದ್ದ ತಿಗಣೆಯನ್ನು ಮೊಮ್ಮಕ್ಕಳು ಕಲ್ಲಿನಿಂದ ಅರೆಯುವುದು, ಆ ವಾಸನೆ ಮರೆಯುವ ಹಾಗಿಲ್ಲ.

ಆದರೆ ಒಂದು ಗಮನಿಸಿದ್ದೇನೆ. ಸೋಮವಾರದಿಂದ ಶನಿವಾರದ ತನಕ ಅಜ್ಜಿ ತಿಗಣೆ ಸುದ್ದಿಯೇ ಎತ್ತುತ್ತಿರಲಿಲ್ಲ. ಯಾರಾದರೂ ಕಚ್ಚಿತು ಅಂದರೆ "ಭಾನುವಾರ ನೋಡೋಣ" ಅಷ್ಟೇ.

ಕೀಟದ ಕಣ್ಣು:
ನಾನು ಕೃಷಿ ಓದುವಾಗ ಕೀಟಶಾಸ್ತ್ರ ತಗೊಂಡಿದ್ದವನು. ಮೊದಲು ಲೆಕ್ಕ ಹೇಳುತ್ತೇನೆ ಮೇಡಂ, ನಿಮಗೆ ಇದರಿಂದಲೇ ಅರ್ಧ ಧೈರ್ಯ ಬರಬೇಕು.

ನಮ್ಮ ಕಡೆ ಜಾಸ್ತಿ ಕಾಣುವುದು ಉಷ್ಣವಲಯದ ತಿಗಣೆ, ಸೈಮೆಕ್ಸ್ ಹೆಮಿಪ್ಟೆರಸ್. ಅಮೆರಿಕ, ಯುರೋಪಿನವರು ಬರೆಯುವುದು ಹೆಚ್ಚಾಗಿ ಅದರ ದಾಯಾದಿ ಸೈಮೆಕ್ಸ್ ಲೆಕ್ಟುಲೇರಿಯಸ್ ಬಗ್ಗೆ. ಎರಡರ ಬಾಳ್ವೆಯೂ ಹೆಚ್ಚುಕಡಿಮೆ ಒಂದೇ. ಮೊಟ್ಟೆ 1 ಮಿಲಿಮೀಟರ್ ಉದ್ದ, ಬಿಳಿ, ಮರಕ್ಕೋ ಬಟ್ಟೆಗೋ ಅಂಟಿಕೊಂಡಿರುತ್ತದೆ. ಸೆಕೆ ಇರುವ ಜಾಗದಲ್ಲಿ ಒಂದು ವಾರ, ಹತ್ತು ದಿನಕ್ಕೆ ಒಡೆಯುತ್ತದೆ. ಮರಿ ದೊಡ್ಡದಾಗಲು 5 ಸಲ ಪೊರೆ ಬಿಡಬೇಕು. ಪ್ರತಿ ಸಲ ಪೊರೆ ಬಿಡುವ ಮುಂಚೆ ರಕ್ತ ಕುಡಿಯಲೇಬೇಕು. ಕುಡಿದದ್ದನ್ನು ಹಾಸಿಗೆ ಸುತ್ತಮುತ್ತಲೇ ಕರಿ ಚುಕ್ಕೆಯಾಗಿ ಹಾಕುತ್ತದೆ.

ಅಂದರೆ ದಸರಾ ಹೊತ್ತಿಗೆ ಎಲ್ಲೋ ನಾಲ್ಕು ಮೊಟ್ಟೆ ಉಳಿದಿದ್ದರೂ ಇಷ್ಟು ಹೊತ್ತಿಗೆ ಅವು ಒಡೆದು, ಕಚ್ಚಿ, ಪೊರೆ ಬಿಟ್ಟು, ಮತ್ತೆ ಮೊಟ್ಟೆ ಇಟ್ಟಿರಬೇಕಿತ್ತು. ನೀವು ದಿನಾ ರಾತ್ರಿ ಟಾರ್ಚ್ ಹಾಕಿ ನೋಡುತ್ತಿದ್ದೀರಿ. ಚುಕ್ಕೆ ಇಲ್ಲ, ಪೊರೆ ಇಲ್ಲ, ರಕ್ತದ ಕಲೆ ಇಲ್ಲ. ಇಷ್ಟು ದಿನ ಅಷ್ಟು ಕಣ್ಣಿಟ್ಟು ನೋಡಿದವರಿಗೂ ಕಾಣದೆ ಸಂಸಾರ ಮಾಡುವ ತಿಗಣೆ ಇಲ್ಲ.

ಮೈಸೂರು ಮಲ್ಲಿಗೆ ಮೊಗ್ಗು:
ಆದರೆ ತಿಗಣೆ ಊಟ ಇಲ್ಲದೆ ಒಂದು ವರ್ಷ ಬದುಕುತ್ತದೆ ಅಂತ ಎಲ್ಲಾ ಕಡೆ ಬರೆದಿರುತ್ತಾರಲ್ಲ? ನಾನು ಅದನ್ನು ಓದಿದ ದಿನದಿಂದಲೇ ನಿದ್ದೆ ಕಳಕೊಂಡಿದ್ದು.

ಕೀಟದ ಕಣ್ಣು:
ಅದು ಚಳಿ ಇರುವ ಕಡೆಯ ಮಾತು. ತಂಪಲ್ಲಿ ಅದರ ಮೈ ನಿಧಾನವಾಗಿ ನಡೆಯುತ್ತದೆ, ಅದಕ್ಕೇ ಅಷ್ಟು ತಾಳುತ್ತದೆ. ನಮ್ಮ ಹವೆಯಲ್ಲಿ ಅಷ್ಟು ಕಾಲ ತಾಳುವುದಿಲ್ಲ. ಇನ್ನೊಂದು, ಉಪವಾಸ ಕೂರುವುದು ಮನೆ ಖಾಲಿ ಇದ್ದಾಗ. ನಾಲ್ಕಡಿ ದೂರದಲ್ಲಿ ದಿನಾ ಮನುಷ್ಯರು ಮಲಗಿರುವಾಗ ಹಸಿದ ತಿಗಣೆ ಏಕಾದಶಿ ಮಾಡುವುದಿಲ್ಲ. ನಮ್ಮ ಉಸಿರಿನ ಇಂಗಾಲದ ಡೈ ಆಕ್ಸೈಡ್, ಮೈ ಬಿಸಿ ಹಿಡಿದುಕೊಂಡು ಬಂದೇ ಬರುತ್ತದೆ.

ಪಿಜಿ ಪುರಾಣ:
ಏಕಾದಶಿ ಮಾಡುವುದಿಲ್ಲ 😂 ಬರೆದು ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ಔಷಧಿ ಸೀನ:
ಪೆಸ್ಟ್ ಕಂಟ್ರೋಲ್ ಕೆಲಸದಲ್ಲಿ ಇರುವವನು ನಾನು. ತಿಗಣೆ ಕೆಲಸ ಮುಗಿದ ಮೇಲೆ ಕಸ್ಟಮರ್ ಕಡೆಯಿಂದ ಬರುವ ಫೋಟೋಗಳಲ್ಲಿ ಜಾಸ್ತಿ ಇರುವುದು ಜಿರಳೆ ಮರಿ, ಕಾರ್ಪೆಟ್ ಬೀಟಲ್ ಹುಳ, ಹಳೇ ಪುಸ್ತಕದ ಪುಟ್ಟ ಹುಳ, ಇಲ್ಲವೇ ದಾರದ ಉಂಡೆ. ಕರಿ ಚುಕ್ಕೆ ಕಂಡರೆ ಹತ್ತಿ ಒದ್ದೆ ಮಾಡಿ ಒತ್ತಿ ನೋಡಿ. ತಿಗಣೆ ಹೇಲಾದರೆ ಕಂದುಕೆಂಪು ಬಣ್ಣ ಹರಡುತ್ತದೆ, ಅದು ಒಣಗಿದ ರಕ್ತ. ಧೂಳಾದರೆ ಹಾಗಾಗುವುದಿಲ್ಲ.

ಮೈ ಮೇಲಿನ ದದ್ದು ನೋಡಿ ತೀರ್ಮಾನ ಮಾಡಬೇಡಿ. ಕೆಲವರಿಗೆ ತಿಗಣೆ ಕಚ್ಚಿದರೂ ಏನೂ ಏಳುವುದಿಲ್ಲ, ಕೆಲವರಿಗೆ ಎಷ್ಟೋ ದಿನ ಬಿಟ್ಟು ಏಳುತ್ತದೆ. ಸೊಳ್ಳೆ ಕಚ್ಚಿದ್ದಕ್ಕೂ ಇದಕ್ಕೂ ಡಾಕ್ಟರಿಗೇ ವ್ಯತ್ಯಾಸ ಹೇಳುವುದು ಕಷ್ಟ. ಎರಡು ಮೂರು ಸಾಲಾಗಿ ಇದ್ದರೆ ತಿಗಣೆಯೇ ಅನ್ನುತ್ತಾರೆ, ಅದೂ ಗ್ಯಾರಂಟಿ ಇಲ್ಲ.

ಸುಮ್ನಿರು ಗುರು:
ಇಷ್ಟೆಲ್ಲ ಯಾಕೆ? ಅಕ್ಕಿ ಮೂಟೆಗೆ ಇಡುವ ಮಾತ್ರೆ ಸಿಗುತ್ತದೆ. ರೂಮಲ್ಲಿ ನಾಲ್ಕು ಇಟ್ಟು ಬಾಗಿಲು ಹಾಕಿಕೊಂಡು ಹೋಗಿ. ಬೆಳಗ್ಗೆ ಒಂದು ಜೀವ ಉಳಿಯುವುದಿಲ್ಲ. ಹೆದರಿಕೆಯೂ ಉಳಿಯುವುದಿಲ್ಲ.

ಔಷಧಿ ಸೀನ:
ಈ ಮಾತು ಯಾರೂ ಕೇಳಬೇಡಿ. ದಯವಿಟ್ಟು. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವಕ್ಕೆ ಫಾಸ್ಫೀನ್ ಅನ್ನುವ ವಿಷದ ಗ್ಯಾಸ್ ಬಿಡುತ್ತದೆ. ಅದಕ್ಕೆ ಪ್ರತಿವಿಷ ಅಂತ ಇಲ್ಲ. ಬಾಗಿಲ ಸಂದಿಯಿಂದ ಪಕ್ಕದ ಮನೆಗೂ ಹೋಗುತ್ತದೆ. ಮನೆ, ಪಿಜಿ ಒಳಗೆ ಇದನ್ನಿಟ್ಟು ಜನ, ಮಕ್ಕಳು ಸತ್ತಿದ್ದಾರೆ. ಗೋಡೌನಿಗೆ ಅಂತ ಇರುವ ವಸ್ತು ಅದು, ಅಲ್ಲೂ ತರಬೇತಿ ಇದ್ದವರು ಮಾತ್ರ ಬಳಸಬೇಕು.

ಸುಮ್ನಿರು ಗುರು:
ನಮ್ಮ ಊರಲ್ಲಿ ಎಷ್ಟು ಜನ ಇಟ್ಟಿದ್ದಾರೆ, ಏನೂ ಆಗಿಲ್ಲ.

ತಿಪಟೂರು ತೆಂಗು:
ಆಗಿದ್ದರೆ ಬಂದು ಇಲ್ಲಿ ಬರೆಯುತ್ತಿದ್ದರಾ?

ನಿರ್ವಾಹಕ:
ಮಾತ್ರೆಯ ಸಲಹೆ ಹಾಗೇ ಬಿಟ್ಟಿದ್ದೇನೆ, ಕೆಳಗಿನ ಉತ್ತರ ಎಲ್ಲರೂ ಓದಲಿ ಅಂತ. ಇನ್ನೊಂದು ಸಲ ಇಂಥದ್ದು ಬಂದರೆ ತೆಗೆಯುತ್ತೇನೆ. ಸೀಮೆಎಣ್ಣೆ, ಸ್ಪಿರಿಟ್ ಹಾಸಿಗೆಗೆ ಸುರಿಯುವ ಸಲಹೆಗೂ ಇದೇ ಮಾತು. ಇಲಿ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಡಬೇಡಿ.

ಬಸವನಗುಡಿ ಬೆಣ್ಣೆ:
ಏನೇ ಹೇಳಿ, ಮನೆ ಚೊಕ್ಕವಾಗಿ ಇಟ್ಟುಕೊಂಡರೆ ತಿಗಣೆ ಬರುವುದಿಲ್ಲ. ನಮ್ಮ ಮನೆಗೆ ಮೂವತ್ತು ವರ್ಷದಿಂದ ಬಂದಿಲ್ಲ. ಕೆಲಸದವರು ತರುತ್ತಾರೆ ಅಂತ ನನ್ನ ಅನುಮಾನ. ಅವರ ಚೀಲ ಒಳಗೆ ಬಿಡಬಾರದು.

ಪಿಜಿ ಪುರಾಣ:
ಬಂತು ನೋಡಿ.

ಹಲಸೂರು ಹನುಮಿ:
ಬೆಣ್ಣೆಯವರೇ, ನಮ್ಮಮ್ಮ ನಾಲ್ಕು ಮನೆ ಕೆಲಸ ಮಾಡಿ ನನ್ನನ್ನು ಓದಿಸಿದರು. ಒಂದು ಮನೆಯ ಮಗ ವಿದೇಶದಿಂದ ಸೂಟ್‌ಕೇಸ್ ತುಂಬ ತಿಗಣೆ ತಂದ. ಬೈಗುಳ ತಿಂದಿದ್ದು ನಮ್ಮಮ್ಮ. ಕೆಲಸ ಹೋಗಿದ್ದೂ ನಮ್ಮಮ್ಮನದೇ. ಆಮೇಲೆ ಆ ಮನೆಯ ತಿಗಣೆ ನಮ್ಮ ಮನೆಗೂ ಬಂತು, ಅದನ್ನು ಯಾರೂ ಕೇಳಲಿಲ್ಲ. ತಿಗಣೆಗೆ ಬೇಕಾಗಿರುವುದು ರಕ್ತ. ಕಸ ಗುಡಿಸಿದ್ದೀರೋ ಇಲ್ಲವೋ ಅದಕ್ಕೆ ಏನೂ ಆಗಬೇಕಿಲ್ಲ.

ಕೀಟದ ಕಣ್ಣು:
ನೂರಕ್ಕೆ ನೂರು ಸರಿ. ಮನೆ ತುಂಬಾ ಸಾಮಾನು ಒಟ್ಟಿದ್ದರೆ ಅಡಗುವುದಕ್ಕೆ ಜಾಗ ಜಾಸ್ತಿ, ಅಷ್ಟೇ. 2023ರಲ್ಲಿ ಪ್ಯಾರಿಸ್ ಊರಿಗೆ ಊರೇ ತಿಗಣೆ ಗಾಬರಿಯಲ್ಲಿ ಇತ್ತಲ್ಲ, ಮೆಟ್ರೋ ಸೀಟಿನಲ್ಲಿ ಕೂರಲೂ ಜನ ಹೆದರಿದ್ದರು. ಅವರೆಲ್ಲ ಕೊಳಕರಾ?

ಬಸವನಗುಡಿ ಬೆಣ್ಣೆ:
ನಾನು ಯಾರನ್ನೂ ನೋಯಿಸಬೇಕು ಅಂತ ಹೇಳಿದ್ದಲ್ಲ. ಆದರೂ ಡಿಡಿಟಿ ಹೊಡೆಯುತ್ತಿದ್ದ ಕಾಲದಲ್ಲಿ ಇಷ್ಟಿರಲಿಲ್ಲ.

ಕೀಟದ ಕಣ್ಣು:
ಡಿಡಿಟಿಗೆ ಬಗ್ಗದ ತಿಗಣೆ 1947ರಲ್ಲೇ ಹವಾಯಿಯಲ್ಲಿ ಸಿಕ್ಕಿತ್ತು. ಈಗ ಅಂಗಡಿಯಲ್ಲಿ ಸಿಗುವ ಸ್ಪ್ರೇಗಳಲ್ಲಿ ಇರುವ ಪೈರೆಥ್ರಾಯ್ಡ್‌ಗಳಿಗೂ ಅನೇಕ ಕಡೆ ತಿಗಣೆ ಜಗ್ಗುವುದಿಲ್ಲ. ಅದಕ್ಕೇ ಬಿಸಿನೀರು, ಹಬೆ, ಇಸ್ತ್ರಿ ಪೆಟ್ಟಿಗೆಗೆ ಇವತ್ತಿಗೂ ಬೆಲೆ. 50 ಡಿಗ್ರಿ ದಾಟಿದರೆ ದೊಡ್ಡದು ಬೇಗ ಸಾಯುತ್ತದೆ. ಮೊಟ್ಟೆ ಇನ್ನೂ ಸ್ವಲ್ಪ ಗಟ್ಟಿ, 55ರ ಹತ್ತಿರ ಬೇಕು. ಔಷಧಿಗೆ ಒಗ್ಗಿಕೊಂಡ ಹಾಗೆ ಬಿಸಿಗೆ ಒಗ್ಗಿಕೊಳ್ಳುವುದು ಅದಕ್ಕೆ ಸುಲಭ ಅಲ್ಲ.

ರಾಯಚೂರು ಬಿಸಿಲು:
ನಮ್ಮೂರಿಗೆ ಕಳಿಸಿ ಹಾಸಿಗೆ. ಏಪ್ರಿಲ್‌ನಲ್ಲಿ ಮಾಳಿಗೆ ಮೇಲೆ ಒಗೆದರೆ ತಿಗಣೆ ಅಲ್ಲ, ಅದರ ವಂಶವೇ ಹುರಿದು ಹೋಗುತ್ತದೆ.

ಕೀಟದ ಕಣ್ಣು:
ಹಾಸಿಗೆ ದಪ್ಪ ಇದ್ದರೆ ಮೇಲೆ ಮಾತ್ರ ಕಾಯುತ್ತದೆ ಸರ್. ತಿಗಣೆ ಕೆಳಗಿನ ನೆರಳಿಗೆ ಹೋಗಿ ಕೂರುತ್ತದೆ. ಬಟ್ಟೆಯಾದರೆ ಕರಿ ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ತುಂಬಿ, ಬಾಯಿ ಕಟ್ಟಿ, ಸುಡುವ ಕಲ್ಲಿನ ಮೇಲೆ ಇಡಬಹುದು. ಅದೂ ನಿಮ್ಮ ಬಿಸಿಲಿಗೆ ಸರಿ. ಬೆಂಗಳೂರಿನ ಜನವರಿ ಬಿಸಿಲಿಗೆ ಹಪ್ಪಳವೂ ಒಣಗುವುದಿಲ್ಲ.

ನಿದ್ದೆಗೆಟ್ಟವಳು:
ಎಲ್ಲರಿಗೂ ಥ್ಯಾಂಕ್ಸ್. ಹನುಮಿ ಅವರೇ, ನಿಮ್ಮ ಅಮ್ಮನ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮ ಮನೆಯಲ್ಲೂ ಅತ್ತೆ ಮೊದಲು ಹೇಳಿದ್ದು ಕೆಲಸದವಳ ಹೆಸರೇ. ನಾನು ಒಪ್ಪಲಿಲ್ಲ.

ಕೀಟದ ಕಣ್ಣು ಅವರ ಲೆಕ್ಕ ಓದಿದಾಗ ಹಗುರಾಯಿತು ನಿಜ. ಆದರೆ ಅದು ಹಗಲಲ್ಲಿ. ರಾತ್ರಿ ಮತ್ತೆ "ಅದೊಂದು ಮೂಲೆ ನೋಡಿಲ್ಲವಲ್ಲ" ಅಂತ ಶುರು. ನೋಡಿದರೆ ಸಮಾಧಾನ. ಆ ಸಮಾಧಾನ ಹತ್ತು ನಿಮಿಷ ಇರುತ್ತದೆ.

ಅಣ್ಣನ ತಂಗಿ:
ಮೇಡಂ, ಆ ಹತ್ತು ನಿಮಿಷದ ಬಗ್ಗೆಯೇ ಹೇಳಬೇಕು. ನಮ್ಮ ಅಣ್ಣನಿಗೆ ಇದು ತುಂಬಾ ಜೋರಾಗಿ ಆಗಿತ್ತು. ಶಿವಮೊಗ್ಗದಲ್ಲಿ ಹಾಸ್ಟೆಲಿನಿಂದ ಬಂದ ತಿಗಣೆ. ಮನೆಯಿಂದ ಪೂರ್ತಿ ಹೋದ ಮೇಲೂ ಅವನು ನಂಬಲಿಲ್ಲ. ಮೊದಲು ಹಾಸಿಗೆ ನೋಡುತ್ತಿದ್ದ. ಆಮೇಲೆ ಸೋಫಾ. ಆಮೇಲೆ ಆಫೀಸಿನ ಕುರ್ಚಿ. ಕೊನೆಗೆ ಕೈಕಾಲು ಕೆರೆದುಕೊಂಡು ಹುಣ್ಣು ಮಾಡಿಕೊಂಡ. ಬೆಂಕಿಪೊಟ್ಟಣದಲ್ಲಿ ಬಟ್ಟೆ ಜುಂಗು, ಒಣಗಿದ ಚರ್ಮದ ಚೂರು ತುಂಬಿಕೊಂಡು ಚರ್ಮದ ಡಾಕ್ಟರ್ ಹತ್ತಿರ ಹೋದ, "ಇದೇ ನೋಡಿ ಹುಳ" ಅಂತ. ಆ ಡಾಕ್ಟರ್ ಪುಣ್ಯಾತ್ಮರು. ನಗಲಿಲ್ಲ, ಬೈಯಲಿಲ್ಲ. ಲೆನ್ಸ್ ಹಿಡಿದು ಪ್ರತಿ ಚೂರನ್ನೂ ಅವನಿಗೇ ತೋರಿಸಿದರು. ಆಮೇಲೆ ಮನೋವೈದ್ಯರ ಹತ್ತಿರ ಕಳಿಸಿದರು.

ಅಲ್ಲಿ ಹೇಳಿದ್ದು ಇಷ್ಟು. ಹುಡುಕಿದಾಗ ಸಮಾಧಾನ ಆಗುತ್ತದೆ. ಹುಡುಕಿದ್ದಕ್ಕೇ ಬಚಾವಾದೆ ಅಂತ ಮನಸ್ಸು ಕಲಿಯುತ್ತದೆ. ಮುಂದಿನ ಸಲ ಇನ್ನೂ ಬೇಗ ಹುಡುಕು ಅನ್ನುತ್ತದೆ. ಹುಡುಕದೆ ಇದ್ದರೂ ಏನೂ ಆಗುವುದಿಲ್ಲ ಅನ್ನುವುದನ್ನು ಅದಕ್ಕೆ ಕಲಿಯಲು ಅವಕಾಶವೇ ಸಿಗುವುದಿಲ್ಲ. ಅದಕ್ಕೆ ಅಣ್ಣನಿಗೆ ವಾರಕ್ಕೊಂದು ಹೊತ್ತು ಗೊತ್ತು ಮಾಡಿದರು. ಹಗಲು ಬೆಳಕಲ್ಲಿ, ಇಂತಿಂಥ ಜಾಗ, ಹತ್ತೇ ನಿಮಿಷ. ಉಳಿದ ದಿನ ನೋಡುವ ಹಾಗಿಲ್ಲ. ತುರಿಕೆ ಆದರೆ ಆಗಲಿ, ಲೈಟ್ ಹಾಕುವ ಹಾಗಿಲ್ಲ. ಮೊದಲ ಕೆಲವು ರಾತ್ರಿ ಅಳುವುದೊಂದು ಬಾಕಿ. ಆಮೇಲೆ ಕಡಿಮೆ ಆಯಿತು. ಅವನಿಗೆ ಮಾತ್ರೆಯೂ ಕೊಟ್ಟಿದ್ದರು, ನಿಮಗೆ ಅದು ಬೇಕೋ ಬೇಡವೋ ನಾನು ಹೇಳಲಾರೆ.

ತಿಪಟೂರು ತೆಂಗು:
ನೋಡಿ, ನಮ್ಮ ಅಜ್ಜಿ ಫೀಸ್ ತಗೊಳ್ಳದೆ ಇದನ್ನೇ ಮಾಡುತ್ತಿದ್ದರು.

ಅಣ್ಣನ ತಂಗಿ:
ಹೌದು ಸರ್ 😄 ನಿಮ್ಮ ಅಜ್ಜಿ ಕಥೆ ಅಣ್ಣನಿಗೂ ಕಳಿಸಿದೆ.

ಮೈಸೂರು ಮಲ್ಲಿಗೆ ಮೊಗ್ಗು:
ನನಗೆ ಇದು ಒಪ್ಪಿಗೆ ಆಗುತ್ತಿಲ್ಲ. ಬುಧವಾರ ರಾತ್ರಿ ನಿಜವಾಗಿಯೂ ತಿಗಣೆ ಬಂದರೆ? ಭಾನುವಾರದ ತನಕ ಕಚ್ಚಿಸಿಕೊಂಡು ಮಲಗಬೇಕಾ?

ಔಷಧಿ ಸೀನ:
ಬಂತು ಅಂತಲೇ ಇಟ್ಟುಕೊಳ್ಳಿ. ನಾಲ್ಕು ದಿನದಲ್ಲಿ ಅದು ಮನೆ ತುಂಬುವುದಿಲ್ಲ. ಬುಧವಾರ ಕಂಡರೂ ಭಾನುವಾರ ಕಂಡರೂ ಮಾಡುವ ಕೆಲಸ ಅದೇ, ಖರ್ಚೂ ಅದೇ. ತಡ ಅಂದರೆ ತಿಂಗಳುಗಟ್ಟಲೆ ನೋಡದೆ ಬಿಡುವುದು. ವಾರಕ್ಕೊಮ್ಮೆ ನೋಡುವವರ ಮನೆಯಲ್ಲಿ ಅದು ಕೈ ಮೀರುವುದಿಲ್ಲ.

ನೋಡುವ ಜಾಗ ಕೂಡ ಹೇಳಿಬಿಡುತ್ತೇನೆ. ಹಾಸಿಗೆಯ ಅಂಚಿನ ದಪ್ಪ ಹೊಲಿಗೆ, ತಲೆಕಡೆ ಹಲಗೆಯ ಹಿಂಬದಿ, ಮಂಚದ ಸ್ಕ್ರೂ ತೂತು, ಮಂಚಕ್ಕೆ ತಾಗಿದ ಗೋಡೆಯ ಕ್ಯಾಲೆಂಡರ್ ಹಿಂದೆ. ಇಷ್ಟು ಸಾಕು. ತಿಗಣೆ ಮಲಗುವವರ ಹತ್ತಿರ ಇರುತ್ತದೆ. ಅಡುಗೆಮನೆ ಡಬ್ಬಿ, ಮಗಳ ಜಾಮಿಟ್ರಿ ಬಾಕ್ಸ್ ತೆಗೆದು ನೋಡಬೇಡಿ. ಮಂಚ ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಹೊದಿಕೆ ನೆಲಕ್ಕೆ ಇಳಿಬಿಡಬೇಡಿ. ನಾಲ್ಕೂ ಕಾಲಿಗೆ ಬಟ್ಟಲಿಟ್ಟು ಸೋಪು ನೀರು ಹಾಕಿ. ಹತ್ತುವ ತಿಗಣೆ ಅದರಲ್ಲಿ ಬೀಳುತ್ತದೆ. ನೀವು ಮಲಗಿ, ಕಾವಲು ಬಟ್ಟಲಿನದು.

ಕೀಟದ ಕಣ್ಣು:
ಒಂದು ಸೇರಿಸುತ್ತೇನೆ. ಆನ್‌ಲೈನಲ್ಲಿ ಮಂಚದ ಕಾಲಿಗೆ ಇಡುವ ಪ್ಲಾಸ್ಟಿಕ್ ಕಪ್ ಸಿಗುತ್ತದೆ, ಒಣಗಿದ್ದೇ ಬಳಸಿ ಅನ್ನುತ್ತಾರೆ. ಅದು ವಿದೇಶದ ತಿಗಣೆಗೆ ಸರಿ, ನುಣುಪು ಗೋಡೆ ಹತ್ತಲು ಅದಕ್ಕೆ ಬರುವುದಿಲ್ಲ. ನಮ್ಮದು ಆ ವಿಷಯದಲ್ಲಿ ಚುರುಕು, ಹತ್ತಿ ಆಚೆ ಬರುತ್ತದೆ. ಒಳಗೆ ಟಾಲ್ಕಂ ಪೌಡರ್ ತೆಳ್ಳಗೆ ಸವರಿದರೆ ಜಾರುತ್ತದೆ. ಸೋಪು ನೀರಾದರೆ ಇನ್ನೂ ಸುಲಭ.

ಮೇಷ್ಟ್ರು ರಿಟೈರ್ಡ್:
ಲಕ್ಷ್ಮಿ ಕಮಲದ ಮೇಲೆ ಮಲಗುವುದು, ಶಿವ ಹಿಮಾಲಯದಲ್ಲಿ ಮಲಗುವುದು, ವಿಷ್ಣು ಹಾಲಿನ ಕಡಲಲ್ಲಿ ಮಲಗುವುದು, ಎಲ್ಲಾ ತಿಗಣೆ ಇದ್ದೀತು ಅನ್ನುವ ಶಂಕೆಯಿಂದ ಅಂತ ಸಂಸ್ಕೃತದಲ್ಲಿ ಒಂದು ಸುಭಾಷಿತ ಇದೆ. ತಿಗಣೆಯಿಂದ ಅನ್ನುವುದಿಲ್ಲ ಗಮನಿಸಿ, ಶಂಕೆಯಿಂದ. ದೇವರಿಗೂ ಬಿಟ್ಟಿದ್ದಲ್ಲ ತಾಯಿ, ನೀವು ನಾಚಿಕೆ ಪಟ್ಟುಕೊಳ್ಳಬೇಡಿ.

ರಾಯಚೂರು ಬಿಸಿಲು:
ಸೋಪು ನೀರಿನ ಬಟ್ಟಲು ಅಂದಿದ್ದಕ್ಕೆ ಹಾಲಿನ ಕಡಲು ಜೋಡಿಸಿದರು ಮೇಷ್ಟ್ರು. ಭಾರಿ!

ಹಡ್ಸನ್ ದಂಡೆ ಕನ್ನಡತಿ:
ನ್ಯೂಯಾರ್ಕಿನಿಂದ. ಇಲ್ಲಿ ಹೊಸದಾಗಿ ಬಾಡಿಗೆಗೆ ಬರುವವರಿಗೆ ಓನರ್ ಹಿಂದಿನ ಒಂದು ವರ್ಷದಲ್ಲಿ ಆ ಮನೆಗೆ, ಆ ಕಟ್ಟಡಕ್ಕೆ ತಿಗಣೆ ಬಂದಿತ್ತೇ ಅಂತ ಬರೆದು ಕೊಡಬೇಕು, ಕಾನೂನೇ ಇದೆ. ಆದರೂ ನಮಗೆ ಬಂತು. ಇಲ್ಲಿ ಬಟ್ಟೆ ಒಣಗಿಸುವ ಮೆಷಿನ್ ಇರುವುದು ದೊಡ್ಡ ಅನುಕೂಲ, ಜಾಸ್ತಿ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿದರೆ ಮೊಟ್ಟೆ ಸಮೇತ ಹೋಗುತ್ತದೆ. ಹಾಸಿಗೆಗೆ ಪೂರ್ತಿ ಜಿಪ್ ಇರುವ ಕವರ್ ಹಾಕಿದೆವು. ಇದನ್ನು ಬೆಂಗಳೂರಲ್ಲೂ ಹಾಕಬಹುದು. ನನ್ನ ತಲೆಗೆ ಜಾಸ್ತಿ ಶಾಂತಿ ಕೊಟ್ಟಿದ್ದು ಆ ಕವರ್. ನೋಡುವುದಕ್ಕೆ ಹೊಲಿಗೆ, ಮಡಿಕೆ ಅಂತ ಏನೂ ಉಳಿಯಲಿಲ್ಲ, ಬಿಳಿ ಬಯಲು.

ಊರಿಗೆ ಬಂದಾಗ ಸೂಟ್‌ಕೇಸ್ ಮೊದಲು ಬಚ್ಚಲುಮನೆಗೆ. ಅತ್ತಿಗೆ ನಗುತ್ತಾರೆ, ನಗಲಿ.

ಖಡಕ್ ರೊಟ್ಟಿ:
ಓನರ್ ಬರೆದು ಕೊಡಬೇಕಂತೆ! ಇಲ್ಲಿ ಅಡ್ವಾನ್ಸ್ ವಾಪಸ್ ಕೊಡುವುದಕ್ಕೇ ಕಣ್ಣೀರು ಹಾಕುತ್ತಾರೆ ರೀ.

ಪಿಜಿ ಪುರಾಣ:
ಅದನ್ನೇ ಕೇಳಬೇಡಿ. ನಮ್ಮ ಪಿಜಿ ಓನರ್ "ನೀವೇ ಬ್ಯಾಗಲ್ಲಿ ತಂದಿದ್ದೀರಿ" ಅಂದ. ಪೇಂಟಿಂಗ್ ಅಂತ ಮುರಿದುಕೊಂಡ. ಪೇಂಟ್ ಮಾಡಿದ್ದು ತಿಗಣೆ ಇದ್ದ ಬಿರುಕಿನ ಮೇಲೆಯೇ, ಬಿರುಕು ಮುಚ್ಚದೆ.

ಬಸವನಗುಡಿ ಬೆಣ್ಣೆ:
ಓನರ್‌ಗಳ ಕಷ್ಟವೂ ಕೇಳಿ. ಬಾಡಿಗೆಯವರು ರಾತ್ರೋರಾತ್ರಿ ಖಾಲಿ ಮಾಡಿ ಹೋಗುತ್ತಾರೆ, ತಿಗಣೆ ನಮಗೆ ಬಿಟ್ಟು.

ಖಡಕ್ ರೊಟ್ಟಿ:
ಮೂವತ್ತು ವರ್ಷದಿಂದ ಬಂದಿಲ್ಲ ಅಂದಿರಿ?

ಬಸವನಗುಡಿ ಬೆಣ್ಣೆ:
ನಾನಿರುವ ಮನೆಗೆ ಬಂದಿಲ್ಲ. ಮೇಲಿನ ಪೋರ್ಷನ್ ಬೇರೆ.

ಪಿಜಿ ಪುರಾಣ:
🤣🤣

ನಿರ್ವಾಹಕ:
ಅಡ್ವಾನ್ಸ್ ಜಗಳಕ್ಕೆ ಬೇರೆ ಎಳೆ ಶುರು ಮಾಡಿ. ಇಲ್ಲಿ ತಿಗಣೆ ಮಾತ್ರ.

ನಿದ್ದೆಗೆಟ್ಟವಳು:
ವಾರಕ್ಕೊಂದು ದಿನ ಅನ್ನುವುದು ಮನಸ್ಸಿಗೆ ಹಿಡಿಸಿತು. ನಮ್ಮ ಯಜಮಾನರಿಗೂ ಓದಿ ಹೇಳಿದೆ. "ಭಾನುವಾರ ನಾನೇ ನೋಡುತ್ತೇನೆ" ಅಂದರು. ಅವರು ಸರಿಯಾಗಿ ನೋಡುವುದಿಲ್ಲ ಅಂತ ನನಗೆ ಗೊತ್ತು. ಇನ್ನು ಮಗಳ ವಿಷಯ. ಅವಳಿಗೆ ಏನು ಹೇಳಲಿ? ತಿಗಣೆ ಸುದ್ದಿಯೇ ಎತ್ತದೆ ಇರಲಾ?

ಮೈಸೂರು ಮಲ್ಲಿಗೆ ಮೊಗ್ಗು:
ಎತ್ತಬೇಡಿ. ಮಕ್ಕಳು ಮರೆಯುತ್ತಾರೆ.

ಹಲಸೂರು ಹನುಮಿ:
ಮಕ್ಕಳು ಮರೆಯುವುದಿಲ್ಲ ರೀ, ನಾನು ಮರೆತಿದ್ದೀನಾ? ಬಾಯಿ ಮುಚ್ಚಿಕೊಂಡಿದ್ದರೆ ಇದೇನೋ ಮಾನ ಹೋಗುವ ವಿಷಯ ಅಂದುಕೊಳ್ಳುತ್ತಾಳೆ. ಸ್ಕೂಲಲ್ಲಿ ಯಾರಾದರೂ ಅಂದರೆ ಕುಗ್ಗಿ ಹೋಗುತ್ತಾಳೆ. ಹುಳ ಬಂದಿತ್ತು, ಓಡಿಸಿದೆವು, ಮುಗಿಯಿತು ಅಂತ ಸೀದಾ ಹೇಳಿ.

ಅಣ್ಣನ ತಂಗಿ:
ಆರನೇ ಕ್ಲಾಸು ಅಂದರೆ ಅರ್ಥ ಆಗುವ ವಯಸ್ಸು. ಮೊಟ್ಟೆ, ಮರಿ, ಐದು ಪೊರೆ ಅಂತ ಮೇಲೆ ಬರೆದಿದ್ದಾರಲ್ಲ, ಅದನ್ನೇ ಚಿತ್ರ ಬರೆದು ತೋರಿಸಿ. ಆದರೆ ಟಾರ್ಚ್ ಮಾತ್ರ ಅವಳ ಕೈಗೆ ಕೊಡಬೇಡಿ. ಹುಡುಕುವ ಕೆಲಸ ದೊಡ್ಡವರದು. ದಿಂಬು ಎತ್ತಿದಾಗ ಬೈಯಬೇಡಿ, ನೀವೂ ಸೇರಿಕೊಂಡು ನೋಡಬೇಡಿ. "ಭಾನುವಾರ ಅಪ್ಪ ನೋಡುತ್ತಾರೆ, ಮಲಗು ಪುಟ್ಟಿ" ಅಂದು ನೀವು ಲೈಟ್ ಆರಿಸಿ. ಹೇಳಿದ್ದಕ್ಕಿಂತ ನೀವು ಮಾಡುವುದನ್ನೇ ಅವಳು ನೋಡುವುದು.

ನಿಮಗೇ ತೀರಾ ಕಷ್ಟ ಆದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಹೊತ್ತೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. "ತಿಗಣೆಗೆಲ್ಲ ಫೋನ್ ಮಾಡುವುದಾ" ಅಂತ ಸಂಕೋಚ ಬೇಡ. ವಾರಗಟ್ಟಲೆ ನಿದ್ದೆ ಇಲ್ಲ ಅಂದರೆ ಕಾರಣ ಯಾವುದಾದರೇನು. ಮೈ ಮೇಲೆ ಔಷಧಿ ಹೊಡೆದುಕೊಳ್ಳುವ ಯೋಚನೆ ಬಂದರೆ, ಕೆರೆದು ಗಾಯ ಆಗುತ್ತಿದ್ದರೆ, ಮನೆ ಬಿಟ್ಟು ಹೋಗೋಣ ಅನ್ನಿಸಿದರೆ ತಡ ಮಾಡಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಸುಮ್ನಿರು ಗುರು:
ನಾನು ಮೇಲೆ ಮಾತ್ರೆ ವಿಷಯ ಹೇಳಿದ್ದೆ. ಮನೆಯಲ್ಲಿ ಎರಡು ಡಬ್ಬಿ ಇತ್ತು. ಅದನ್ನು ಏನು ಮಾಡಬೇಕು ಸೀನ ಅವರೇ? ಕಸಕ್ಕೆ ಹಾಕಲಾ?

ಔಷಧಿ ಸೀನ:
ಬೇಡ. ಮುಚ್ಚಳ ತೆಗೆಯಬೇಡಿ, ನೀರು ತಾಗಿಸಬೇಡಿ, ಮಕ್ಕಳ ಕೈಗೆ ಸಿಗದ ಕಡೆ, ಜನ ವಾಸ ಇರುವ ಮನೆಯಿಂದ ಆಚೆ ಒಣ ಜಾಗದಲ್ಲಿ ಇಡಿ. ತಗೊಂಡ ಅಂಗಡಿಯವರಿಗೆ ಇಲ್ಲವೇ ಹತ್ತಿರದ ರೈತ ಸಂಪರ್ಕ ಕೇಂದ್ರದವರಿಗೆ ಫೋನ್ ಮಾಡಿ ಹೇಗೆ ವಿಲೇವಾರಿ ಮಾಡಬೇಕು ಅಂತ ಕೇಳಿ. ಕೇಳಿದ್ದು ಒಳ್ಳೆಯದಾಯಿತು.

ಕುಡ್ಲದ ಬೊಂಡ:
ಮಾರಾಯ್ರೆ, ಹಬ್ಬಕ್ಕೆ ಅಕ್ಕನನ್ನು ಕರೆಯುವ ವಿಷಯ ಎಲ್ಲರೂ ಮರೆತಿರಾ? ನನ್ನ ಪ್ರಕಾರ ಕರೆಯಿರಿ. ತಿಗಣೆ ಬಂದಿದ್ದು, ಹೋಗಿದ್ದು ಮೊದಲೇ ಹೇಳಿಬಿಡಿ. ಬರುವವರು ಬರುತ್ತಾರೆ. ಅವರ ಬ್ಯಾಗ್ ಮಂಚದ ಮೇಲೆ ಬೇಡ, ಕುರ್ಚಿ ಮೇಲೆ ಇರಲಿ. ನಮ್ಮ ಮನೆಗೆ ಬಂದಿದ್ದಾಗ ನಾವು ಯಾರಿಗೂ ಹೇಳದೆ ಎರಡು ಮದುವೆ ತಪ್ಪಿಸಿದೆವು. ನೆಂಟರೆಲ್ಲ ನಮಗೆ ಏನೋ ಕೋಪ ಅಂದುಕೊಂಡರು. ಆ ಜಗಳ ಸರಿ ಮಾಡುವುದೇ ತಿಗಣೆ ಓಡಿಸುವುದಕ್ಕಿಂತ ಕಷ್ಟ ಆಯಿತು.

ನಿದ್ದೆಗೆಟ್ಟವಳು:
ಅಕ್ಕನಿಗೆ ಈಗ ತಾನೆ ಫೋನ್ ಮಾಡಿದೆ. ಎಲ್ಲಾ ಹೇಳಿದೆ. "ನಮ್ಮ ಮನೆಗೆ ಹೋದ ವರ್ಷ ಬಂದಿತ್ತು ಕಣೇ, ನಿನಗೆ ಹೇಳಿರಲಿಲ್ಲ" ಅಂದಳು!!

ಖಡಕ್ ರೊಟ್ಟಿ:
ಅಲ್ಲಿಗೆ ಎಲ್ಲಿಂದ ಬಂತು ಅನ್ನುವುದೂ ಗೊತ್ತಾಯಿತೇನೋ ರೀ.

ನಿದ್ದೆಗೆಟ್ಟವಳು:
ಅಯ್ಯೋ ಬಿಡಿ ಸರ್, ಈಗ ಅದನ್ನು ಶುರು ಮಾಡಿದರೆ ಹಬ್ಬ ನಡೆಯುವುದಿಲ್ಲ.

ದಾವಣಗೆರೆ ಬೆಣ್ಣೆದೋಸೆ:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ರಾಜಾಜಿನಗರದಲ್ಲಿ ಒಬ್ಬರು ಮನೆ ಖಾಲಿ ಮಾಡುತ್ತಿದ್ದಾರೆ, ತೇಗದ ಮಂಚ ಅಗ್ಗಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಇದೆಲ್ಲ ಓದಿ ಕೈ ನಡುಗುತ್ತಿದೆ. ತಗೊಳ್ಳಲೋ ಬೇಡವೋ?

ಪಿಜಿ ಪುರಾಣ:
ಬೇಡ.

ರಾಯಚೂರು ಬಿಸಿಲು:
ತೇಗ ಬಿಡಬೇಡಿ!

ಔಷಧಿ ಸೀನ:
ಹಗಲಲ್ಲಿ ಹೋಗಿ. ಮಂಚ ಬಿಚ್ಚಲು ಹೇಳಿ. ಕೂಡುವ ಕಡೆ, ಸ್ಕ್ರೂ ತೂತು, ತಲೆಕಡೆ ಹಲಗೆಯ ಹಿಂಬದಿ ನೋಡಿ. ಕರಿ ಚುಕ್ಕೆ ಇದ್ದರೆ ಒದ್ದೆ ಹತ್ತಿ ಒತ್ತಿ. ಹಾಸಿಗೆ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ.

ದಾವಣಗೆರೆ ಬೆಣ್ಣೆದೋಸೆ:
ಬಿಚ್ಚುವುದಕ್ಕೆ ಅವರು ಒಪ್ಪದಿದ್ದರೆ?

ಔಷಧಿ ಸೀನ:
ಹಾಗಾದರೆ ಕಬ್ಬಿಣದ ಮಂಚ ಕೊಳ್ಳಿ. ಅದರದ್ದೂ ಪೈಪಿನ ತುದಿಯ ಪ್ಲಾಸ್ಟಿಕ್ ಬೂಚು ತೆಗೆದು ನೋಡಿ.